ಮಗಳ ಹಾಳೆ, ನಮ್ಮ ಕೈ

ಹೋದ ವರ್ಷ ಮಕ್ಕಳ ದಿನಾಚರಣೆಗೆ ನಮ್ಮ ಊರಿನಲ್ಲಿ ಒಂದು ಚಿತ್ರಸ್ಪರ್ಧೆ ಇತ್ತು. ಮನೆಯಲ್ಲೇ ಚಿತ್ರ ಬರೆದು ತಂದು ಕೊಡಬೇಕು. ವಿಷಯ ‘ನನ್ನ ಊರು’. ಆಗ ಮೂರನೇ ತರಗತಿಯಲ್ಲಿದ್ದ ನಮ್ಮ ಮಗಳು ಸಂಜೆ ಪೂರ್ತಿ ಕುಳಿತು ಬರೆದಳು. ಊರು ಎಂದರೆ ಅವಳಿಗೆ ಓಣಿಯ ನಳ, ನಳದ ಮುಂದೆ ಪಾಳಿಗೆ ಇಟ್ಟ ಕೊಡಗಳು. ಕೊಡಗಳು ಮನೆಗಳಿಗಿಂತ ದೊಡ್ಡವಿದ್ದವು. ನಳದ ಪಕ್ಕ ನಿಂತ ಅಜ್ಜಿಗೆ ಕಾಲು ಇರಲಿಲ್ಲ. ಸೊಂಟದ ಹತ್ತಿರವೇ ಹಾಳೆ ಮುಗಿದಿತ್ತು.

ಅವಳು ಮಲಗಿದ ಮೇಲೆ ನಾವು ಗಂಡ-ಹೆಂಡತಿ ಆ ಹಾಳೆ ನೋಡಿದೆವು. ‘ಇದನ್ನ ಹಿಂಗ ಕೊಟ್ರ ಯಾರು ನೋಡ್ತಾರ?’ ಎಂಬ ಮಾತು ಬಂತು. ಯಾರ ಬಾಯಿಂದ ಬಂತು ಎಂಬುದು ಈಗ ಮುಖ್ಯವಲ್ಲ, ಇಬ್ಬರೂ ಒಪ್ಪಿದೆವು. ರಬ್ಬರ್ ತೆಗೆದುಕೊಂಡೆವು. ಕೊಡಗಳನ್ನು ಅಳಿಸಿ ಸಣ್ಣದು ಮಾಡಿದೆವು. ಹಿಂದೆ ಎರಡು ಗುಡ್ಡ, ಗುಡ್ಡದ ನಡುವೆ ಸೂರ್ಯ, ಒಂದು ತೆಂಗಿನ ಮರ, ಶಾಲೆಯ ಮೇಲೆ ಧ್ವಜ ಬಂದವು. ನಮ್ಮ ಊರಿನಲ್ಲಿ ಹುಡುಕಿದರೂ ಅಂಥ ಸೂರ್ಯೋದಯ ಸಿಗುವುದಿಲ್ಲ. ಅಜ್ಜಿಯನ್ನು ಅಳಿಸಿದ ಜಾಗದಲ್ಲಿ ಕಲೆ ಉಳಿಯಿತು. ಅದು ಕಾಣಬಾರದೆಂದು ಅಲ್ಲಿ ಒಂದು ಗಿಡ ನಿಲ್ಲಿಸಿದೆವು.

ಪ್ರಥಮ ಬಹುಮಾನ ಬಂತು. ಒಂದು ಸ್ಟೀಲ್ ಡಬ್ಬಿ, ಒಂದು ಪ್ರಮಾಣಪತ್ರ. ನಮ್ಮಿಬ್ಬರಲ್ಲಿ ಒಬ್ಬರು ಪತ್ರಿಕೆಗೆ ಜಿಲ್ಲಾ ಸ್ಟ್ರಿಂಗರ್, ಇನ್ನೊಬ್ಬರು ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ, ಶಾಲೆ ಯೂನಿಫಾರಂ ಹೊಲಿಯುವವರು. ಹಾಗಾಗಿ ಆ ಸುದ್ದಿ ಕಳಿಸಿದ್ದೂ ನಾವೇ, ಫೋಟೊ ತೆಗೆದದ್ದೂ ನಾವೇ. ಒಳಪುಟದಲ್ಲಿ ನಾಲ್ಕು ಸಾಲು ಬಂತು. ಕತ್ತರಿಸಿ ಷೋಕೇಸಿನ ಗಾಜಿಗೆ ಅಂಟಿಸಿದೆವು.

ಅದಾದ ಮೇಲೆ ಮಗಳು ಚಿತ್ರ ಬರೆಯಲಿಲ್ಲ. ಇದು ನಮ್ಮ ಗಮನಕ್ಕೆ ಬರಲು ಎರಡು ತಿಂಗಳು ಬೇಕಾಯಿತು. ಸಂಕ್ರಾಂತಿ ರಜೆಯಲ್ಲಿ ಬಣ್ಣದ ಡಬ್ಬಿ ತೆಗೆದು ಮುಂದೆ ಇಟ್ಟರೆ ಅವಳು ತಲೆ ಎತ್ತದೆ ಹೇಳಿದಳು: ‘ನೀವ ತೆಗೀರಿ. ನಿಮಗ ಚಂದ ಬರತದ.’

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನಮಗೆ ಹೆಚ್ಚು ಚುಚ್ಚಿತು.

ಮೇ ತಿಂಗಳಲ್ಲಿ ಬೆಂಗಳೂರಿಗೆ ಹೋಗುವ ಕೆಲಸ ಬಿತ್ತು. ಮಗಳ ಸೋದರಮಾವ ಅಲ್ಲಿ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾನೆ. ಅವನೇ ಫೋನ್ ಮಾಡಿ, ‘ಅಕ್ಕಾ, ಭಾನುವಾರ ಒಂದು ಆರ್ಟ್ ಗ್ಯಾಲರಿಯೊಳಗ ಮಕ್ಕಳಿಗೆ ವರ್ಕ್‌ಶಾಪ್ ಐತಿ. ಅವ್ವ ಅಪ್ಪನೂ ಜೊತಿಗೆ ಕುಂದರಬೇಕಂತ. ಹೆಸರು ಹಚ್ಚೇನಿ’ ಎಂದ. ಶುಲ್ಕ ಎಷ್ಟು ಎಂದು ಕೇಳಿದರೆ ಮೊದಲು ಹೇಳಲಿಲ್ಲ. ಆಮೇಲೆ ಹೇಳಿದ: ಒಂದು ಮಗು, ಒಬ್ಬ ಪಾಲಕರಿಗೆ 600 ರೂಪಾಯಿ, ಇನ್ನೊಬ್ಬರು ಬಂದರೆ ಮತ್ತೆ 200. ಬಿಡಿ ಸುದ್ದಿಗೆ ಇಷ್ಟು ಎಂದು ದುಡ್ಡು ಎಣಿಸುವವರಿಗೆ 800 ರೂಪಾಯಿ ಎಂದರೆ ಎಷ್ಟು ಸುದ್ದಿ ಎಂದು ಈ ಬ್ಲಾಗ್ ಓದುವ ಗೆಳೆಯರಿಗೆ ಬಿಡಿಸಿ ಹೇಳಬೇಕಿಲ್ಲ. ಅವನೇ ಕಟ್ಟಿದ್ದ, ಹೋದೆವು.

ಕೊಪ್ಪಳದಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್. ಶನಿವಾರ ಬೆಳಿಗ್ಗೆ ಬೆಂಗಳೂರು ಮುಟ್ಟಿದೆವು. ಭಾನುವಾರ ಹತ್ತೂವರೆಗೆ ಗ್ಯಾಲರಿಯ ಬಾಗಿಲಲ್ಲಿದ್ದೆವು.

ಅದು ಸಮಕಾಲೀನ ಕಲೆಯ ಗ್ಯಾಲರಿ. ಅಂದರೆ ಈಗ ಬದುಕಿರುವ, ಈಗ ಕೆಲಸ ಮಾಡುತ್ತಿರುವ ಕಲಾವಿದರ ಕೃತಿಗಳನ್ನು ಇಡುವ ಜಾಗ. ಬಿಳಿ ಗೋಡೆ, ನುಣುಪು ನೆಲ, ಎಸಿಯ ತಂಪು. ಒಟ್ಟು ಹನ್ನೊಂದು ಕುಟುಂಬಗಳಿದ್ದವು. ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, ಮಕ್ಕಳೂ. ನಾವು ಒಂದು ಮೂಲೆ ಹಿಡಿದೆವು. ಜಿಲ್ಲಾಧಿಕಾರಿ ಕಚೇರಿಯಲ್ಲಿ ಯಾವ ಅಳುಕೂ ಇಲ್ಲದೆ ಪ್ರಶ್ನೆ ಕೇಳುವ ನಮಗೆ ಅಲ್ಲಿ ಬಾಯಿ ಬರಲಿಲ್ಲ. ಸುದ್ದಿ ಬರೆಯುವವರು ಅಭ್ಯಾಸಬಲದಿಂದ ಫೋನ್ ತೆಗೆದು ಫೋಟೊ ಹೊಡೆಯಲು ನಿಂತರು. ಕೈಯಲ್ಲಿ ಕ್ಯಾಮೆರಾ ಇದ್ದರೆ ಎಲ್ಲಿ ನಿಂತರೂ ಒಂದು ಕಾರಣ ಸಿಗುತ್ತದೆ.

ಕಾರ್ಯಾಗಾರ ನಡೆಸಿಕೊಟ್ಟವರು ಮೂವತ್ತರ ಆಸುಪಾಸಿನ ಕಲಾವಿದೆ. ಮೊದಲ ಕೆಲಸ ಫೋನ್ ಒಳಗಿಡುವುದು ಎಂದರು. ನಮ್ಮನ್ನು ನೋಡಿ ಅದನ್ನೇ ಕನ್ನಡದಲ್ಲಿ ಹೇಳಿದರು. ಅವರಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಅದುವರೆಗೆ ಅದು ಬೇಕಾಗಿರಲಿಲ್ಲ, ಅಷ್ಟೆ.

ಎಲ್ಲರನ್ನೂ ಒಂದು ಕೃತಿಯ ಮುಂದೆ ನೆಲದ ಮೇಲೆ ಕೂರಿಸಿದರು. ಗೋಡೆಯ ಅರ್ಧದಷ್ಟು ಅಗಲದ ಕೃತಿ, ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದದ್ದು. ಅದರ ಬಗ್ಗೆ ಅವರು ಏನೂ ವಿವರಿಸಲಿಲ್ಲ. ಮಕ್ಕಳಿಗೆ ಮೂರೇ ಪ್ರಶ್ನೆ ಕೇಳಿದರು. ಇಲ್ಲಿ ಏನು ನಡೆಯುತ್ತಿದೆ? ಯಾವುದನ್ನು ನೋಡಿ ಹಾಗೆ ಹೇಳಿದೆ? ಇನ್ನೂ ಏನಾದರೂ ಕಾಣುತ್ತಿದೆಯಾ? ಉತ್ತರ ಏನೇ ಬಂದರೂ ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಬೆರಳಿಂದ ಆ ಜಾಗ ತೋರಿಸಿ, ಮಗು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ ಮುಂದಿನ ಮಗುವಿನ ಕಡೆ ತಿರುಗುತ್ತಿದ್ದರು. ಇದೊಂದು ಪದ್ಧತಿ ಎಂದು ಆಮೇಲೆ ಓದಿ ತಿಳಿದುಕೊಂಡೆವು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಶಿಕ್ಷಣ ವಿಭಾಗ ನೋಡಿಕೊಳ್ಳುತ್ತಿದ್ದ ಫಿಲಿಪ್ ಯೆನವೈನ್ ಮತ್ತು ಮನಶ್ಶಾಸ್ತ್ರಜ್ಞೆ ಅಬಿಗೇಲ್ ಹೌಸೆನ್ ಸೇರಿ ರೂಪಿಸಿದ್ದು. ಆ ಮೂರು ಪ್ರಶ್ನೆಗಳು ಅವರವೇ.

ಮಕ್ಕಳು ನಕ್ಷೆ ಅಂದರು, ವಿಮಾನದಿಂದ ಕಾಣುವ ಹೊಲ ಅಂದರು. ನಮ್ಮ ಮಗಳು ಎದ್ದು ನಿಂತು ದೊಡ್ಡ ದನಿಯಲ್ಲಿ, ‘ಇದು ಕೌದಿ!’ ಎಂದಳು.

ನಾವು ಅವಳ ಲಂಗ ಹಿಡಿದು ಕೆಳಗೆ ಎಳೆದೆವು. ನಾಚಿಕೆ ಮಗಳಿಗೆ ಆಗಿರಲಿಲ್ಲ, ನಮಗೆ ಆಗಿತ್ತು. ಆ ಕಲಾವಿದೆ, ‘ಬಿಡಿ, ಹೇಳಲಿ’ ಎಂದರು. ಯಾವುದನ್ನು ನೋಡಿ ಕೌದಿ ಅಂದೆ ಎಂದು ಕೇಳಿದರು. ಮಗಳು ಹೊಲಿಗೆ ತೋರಿಸಿದಳು. ಅಜ್ಜಿ ಹಳೇ ಸೀರಿ, ಧೋತರ ಪದರು ಪದರು ಹಾಕಿ, ಮೇಲೆ ಬಣ್ಣದ ತುಂಡು ಇಟ್ಟು ಹಿಂಗೇ ಉದ್ದಕ್ಕ ಹೊಲಿತಾಳ, ಒಂದೊಂದು ತುಂಡು ಯಾರ ಸೀರಿ ಅಂತ ಹೇಳ್ತಾಳ ಎಂದಳು. ಕಲಾವಿದೆ ಅದನ್ನು ಇಂಗ್ಲಿಷಿನಲ್ಲಿ ಉಳಿದವರಿಗೆ ಹೇಳಿದರು. ಮಗಳಿಗೆ ಇನ್ನೂ ಒಂದು ಪ್ರಶ್ನೆ ಇತ್ತು: ‘ಇದನ್ನ ಹೊದ್ಕೋತಾರ?’ ಇಲ್ಲ, ಮುಟ್ಟುವಂತಿಲ್ಲ ಎಂದಾಗ, ‘ಮತ್ತ ಯಾಕ ಹೊಲದ್ರು?’ ಎಂದಳು. ಅದಕ್ಕೆ ಆ ಕೋಣೆಯಲ್ಲಿ ಯಾರಿಗೂ ಥಟ್ಟನೆ ಉತ್ತರ ಬರಲಿಲ್ಲ. ‘ಈ ಪ್ರಶ್ನೆ ಇಟ್ಟುಕೊಂಡೇ ಕೆಲಸ ಶುರು ಮಾಡೋಣ’ ಎಂದರು ಕಲಾವಿದೆ.

ಕೆಲಸ ಎಂದರೆ ಕತ್ತರಿಯ ಕೆಲಸ. ಬಣ್ಣ ಬಳಿದ ಕಾಗದಗಳನ್ನು ಕತ್ತರಿಸಿ ದೊಡ್ಡ ಹಾಳೆಯ ಮೇಲೆ ಜೋಡಿಸಿ ಅಂಟಿಸಬೇಕು. ಫ್ರಾನ್ಸಿನ ಚಿತ್ರಕಾರ ಆನ್ರಿ ಮಾತೀಸ್‌ನ ಕತೆಯನ್ನು ಚುಟುಕಾಗಿ ಹೇಳಿದರು. 1869ರಲ್ಲಿ ಹುಟ್ಟಿದ ಆತನಿಗೆ 1941ರಲ್ಲಿ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಹೆಚ್ಚು ಹೊತ್ತು ಹಾಸಿಗೆಯಲ್ಲಿ, ಗಾಲಿಕುರ್ಚಿಯಲ್ಲಿ. ನಿಂತು ಚಿತ್ರ ಬರೆಯಲಾಗದೆ ಕತ್ತರಿ ಹಿಡಿದ. ಸಹಾಯಕರು ಕಾಗದಕ್ಕೆ ಬಣ್ಣ ಬಳಿದು ಕೊಡುತ್ತಿದ್ದರು, ಅವನು ಕತ್ತರಿಸುತ್ತಿದ್ದ, ಹೇಳಿದ ಜಾಗಕ್ಕೆ ಅವರು ಗುಂಡುಸೂಜಿಯಿಂದ ಸಿಕ್ಕಿಸುತ್ತಿದ್ದರು. ಸಾಯುವ ಹಿಂದಿನ ವರ್ಷ, 1953ರಲ್ಲಿ ಮಾಡಿದ ‘ದಿ ಸ್ನೇಲ್’ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಅವನು ಬೆಳೆದ ಬೊಹೆನ್ ಎಂಬ ಊರು ನೇಕಾರರ ಊರು, ಮನೆತನವೂ ನೇಕಾರಿಕೆಯದೇ. ಇದನ್ನು ಕೇಳಿದಾಗ ನಮ್ಮಲ್ಲಿ ಹೊಲಿಯುವವರು ಸ್ವಲ್ಪ ನೆಟ್ಟಗೆ ಕುಳಿತರು.

ಆಮೇಲೆ ಮೂರು ನಿಯಮ ಹೇಳಿದರು. ಮೊದಲನೆಯದು, ಪೆನ್ಸಿಲ್ ಇಲ್ಲ, ರಬ್ಬರ್ ಇಲ್ಲ. ಎರಡನೆಯದು, ಪಾಲಕರಿಗೂ ಒಂದೊಂದು ಹಾಳೆ, ಪಾಲಕರು ತಮ್ಮ ಹಾಳೆಯಲ್ಲೇ ಕೆಲಸ ಮಾಡಬೇಕು, ಮಗುವಿನ ಹಾಳೆ ಮುಟ್ಟುವಂತಿಲ್ಲ. ಮೂರನೆಯದು, ‘ಚೆನ್ನಾಗಿದೆ’ ಎನ್ನುವಂತಿಲ್ಲ, ಏನು ಕಾಣುತ್ತದೋ ಅದನ್ನು ಮಾತ್ರ ಹೇಳಬೇಕು. ‘ಇಲ್ಲಿ ಮೂರು ಹಸಿರು ತುಂಡು ಇಟ್ಟಿದೀಯ’, ಇಷ್ಟು ಸಾಕು.

ಎರಡನೇ ನಿಯಮ ಹೇಳುವಾಗ ನಾವು ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಅದು ಸುಲಭದ ನಿಯಮ ಅಲ್ಲ. ಹತ್ತು ನಿಮಿಷದಲ್ಲೇ ಸುತ್ತ ಎಲ್ಲರ ಕೈ ಮಕ್ಕಳ ಹಾಳೆಯ ಕಡೆ ಹೊರಟಿತ್ತು. ಪಕ್ಕದಲ್ಲಿದ್ದ ಒಬ್ಬರು ಮಗನ ಕೈಯಿಂದ ಕತ್ತರಿ ಇಸಿದುಕೊಂಡು ವೃತ್ತವನ್ನು ಗುಂಡಗೆ ಮಾಡಿಕೊಡುತ್ತಿದ್ದರು. ಹುಡುಗ ಕೈ ಕಟ್ಟಿ ಕುಳಿತಿದ್ದ. ಕಲಾವಿದೆ ಬಂದು ಏನೂ ಅನ್ನದೆ ಅವರ ಮುಂದೆ ಅವರದೇ ಖಾಲಿ ಹಾಳೆ ಸರಿಸಿ ಹೋದರು. ಇಂಗ್ಲಿಷ್ ಬಂದರೂ ಬರದಿದ್ದರೂ ಅಪ್ಪ-ಅವ್ವ ಎಲ್ಲಾ ಕಡೆ ಒಂದೇ ಎಂದು ನಮಗೆ ಆಗ ಅನಿಸಿತು.

ನಮ್ಮದೂ ಬೇರೆಯಾಗಲಿಲ್ಲ. ಮಗಳು ಉದ್ದನೆಯ ನೀಲಿ ಪಟ್ಟಿಯೊಂದನ್ನು ಅಂಟಿಸಿದಳು. ಅದು ಹಾಳೆ ದಾಟಿ ಅರ್ಧ ಗೇಣು ಹೊರಗೆ ನೆಲದ ಮೇಲೆ ಬಂದಿತ್ತು. ನಮ್ಮಲ್ಲಿ ಸುದ್ದಿ ಬರೆಯುವವರ ಕೈ ತಾನೇ ಮುಂದೆ ಹೋಯಿತು, ಪಟ್ಟಿಯನ್ನು ಒಳಗೆ ಮಡಚಲು. ಮಗಳು ಹಾಳೆಯ ಮೇಲೆ ಅಂಗೈ ಇಟ್ಟಳು.

‘ಅಪ್ಪಾ, ಇಲ್ಲಿ ಮುಟ್ಟಂಗಿಲ್ಲ. ಮನ್ಯಾಗ ಆದ್ರ ಮುಟ್ರಿ.’

ಜಗಳವಿಲ್ಲ, ಹಟವಿಲ್ಲ. ನಿಯಮವನ್ನು ನೆನಪಿಸಿದಂತೆ ಹೇಳಿದಳು. ಇಲ್ಲಿ ಇವರ ನಿಯಮ, ಮನೆಯಲ್ಲಿ ನಮ್ಮ ನಿಯಮ. ನಮ್ಮ ಮನೆಯಲ್ಲಿ ತನ್ನ ಹಾಳೆ ತನ್ನದಲ್ಲ ಎಂದು ಅವಳು ಆರು ತಿಂಗಳ ಹಿಂದೆಯೇ ತಿಳಿದುಕೊಂಡಿದ್ದಳು, ಒಪ್ಪಿಕೊಂಡೂ ಬಿಟ್ಟಿದ್ದಳು.

ಉಳಿದ ಹೊತ್ತು ನಾವು ನಮ್ಮ ಹಾಳೆಗಳ ಮೇಲೆ ಬಗ್ಗಿದೆವು. ಹೊಲಿಯುವವರಿಗೆ ಕತ್ತರಿ ಹೊಸದಲ್ಲ. ಗೆರೆ ಹಾಕದೆ ಕಾಗದದಲ್ಲಿ ರವಿಕೆಯ ಕಂಕುಳದ ತಿರುವು, ಕೊರಳಿನ ತಿರುವು ಕತ್ತರಿಸಿ ಕತ್ತರಿಸಿ ಇಟ್ಟರು. ಹಾಳೆ ತುಂಬ ತುಂಡು ತುಂಡು ರವಿಕೆ. ಸುದ್ದಿ ಬರೆಯುವವರಿಗೆ ಏನೂ ಬರಲಿಲ್ಲ. ಕೊನೆಗೆ ಒಂದು ಕಂದು ಚೌಕ ಕತ್ತರಿಸಿ, ಅದು ಸರಿಯಾಗದೆ ಇನ್ನೊಂದು ಕತ್ತರಿಸಿ, ಅಂಟು ಮೆತ್ತಿಕೊಂಡು ಕುಳಿತರು. ಮಗಳು ಎದ್ದು ಬಂದು ಅವ್ವನ ಹಾಳೆ ನೋಡಿದಳು. ಆಮೇಲೆ ಅಪ್ಪನದು. ಮೂರನೇ ನಿಯಮ ನೆನಪಿಟ್ಟುಕೊಂಡು, ‘ಇಲ್ಲಿ ಎರಡು ಡಬ್ಬಿ ಅದಾವ. ಒಂದು ಸೊಟ್ಟ ಐತಿ’ ಎಂದಳು. ನಮ್ಮ ಕೆಲಸದ ಬಗ್ಗೆ ಇಷ್ಟು ನೆಟ್ಟಗೆ ಯಾರೂ ಹೇಳಿರಲಿಲ್ಲ.

ಅವಳ ಹಾಳೆಯಲ್ಲಿ ಏನಿತ್ತು ಎಂದು ಕೇಳಬೇಡಿ. ನೀಲಿ ಪಟ್ಟಿಗಳಿದ್ದವು, ಎಲ್ಲ ಹೊರಗೆ ಹೊರಟವು. ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ.

ಊರಿಗೆ ಬಂದ ಮೇಲೆ ಇಂಥ ಕಾರ್ಯಾಗಾರಗಳು ಎಲ್ಲಿಂದ ಶುರುವಾದವು ಎಂದು ಹುಡುಕಿ ಓದಿದೆವು. ಸುದ್ದಿ ಬರೆಯುವ ಕೆಲಸದಿಂದ ಹತ್ತಿದ ಚಟ. ನ್ಯೂಯಾರ್ಕಿನ ಅದೇ ಮ್ಯೂಸಿಯಂನಲ್ಲಿ ವಿಕ್ಟರ್ ಡಿ’ಅಮಿಕೊ ಎಂಬುವರು 1942ರಲ್ಲಿ ಮಕ್ಕಳಿಗಾಗಿ ‘ಚಿಲ್ಡ್ರನ್ಸ್ ಆರ್ಟ್ ಕಾರ್ನಿವಲ್’ ಆರಂಭಿಸಿದರು. ಅದರೊಳಗೆ ಹೋಗುವ ದಾರಿ ಮಕ್ಕಳ ಆಕಾರಕ್ಕೇ ಕತ್ತರಿಸಿದ ಕಿರುಬಾಗಿಲು. ಪಾಲಕರಿಗೆ ಪ್ರವೇಶವೇ ಇರಲಿಲ್ಲ, ಹೊರಗೆ ನಿಂತು ನೋಡಬಹುದಿತ್ತು ಅಷ್ಟೆ. ದೊಡ್ಡವರು ಬಂದರೆ ಮಕ್ಕಳು ತಮಗೆ ಬೇಕಾದ್ದನ್ನು ಬಿಟ್ಟು ಅವರಿಗೆ ಬೇಕಾದ್ದನ್ನು ಮಾಡುತ್ತಾರೆ ಎಂಬುದು ಅದರ ಹಿಂದಿನ ಯೋಚನೆ. ಆ ಕಾರ್ನಿವಲ್ 1963ರಲ್ಲಿ ದೆಹಲಿಯ ಬಾಲಭವನಕ್ಕೂ ಬಂತು. ಎಂಬತ್ತು ವರ್ಷಗಳ ಹಿಂದೆಯೇ ಯಾರೋ ನಮ್ಮಂಥವರನ್ನು ಸರಿಯಾಗಿ ಗುರುತಿಸಿ ಬಾಗಿಲ ಹೊರಗೆ ನಿಲ್ಲಿಸಿದ್ದರು.

ಈಗಿನ ಗ್ಯಾಲರಿಗಳು ಪಾಲಕರನ್ನು ಒಳಗೆ ಕರೆದಿವೆ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಕ್ವೀನ್ಸ್‌ಲ್ಯಾಂಡ್ ಆರ್ಟ್ ಗ್ಯಾಲರಿಗಾಗಿ ಜಪಾನಿನ ಕಲಾವಿದೆ ಯಯೊಯಿ ಕುಸಾಮಾ 2002ರಲ್ಲಿ ಮಕ್ಕಳಿಗೆಂದೇ ಒಂದು ಕೋಣೆ ಮಾಡಿದರು. ಗೋಡೆ, ಮೇಜು, ಕುರ್ಚಿ ಎಲ್ಲ ಬಿಳಿ. ಬಂದವರ ಕೈಗೆ ಬಣ್ಣದ ಗುಂಡು ಸ್ಟಿಕ್ಕರ್ ಕೊಡುತ್ತಾರೆ. ಬೇಕಾದಲ್ಲಿ ಅಂಟಿಸುತ್ತ ಹೋದರೆ ದಿನ ಕಳೆದಂತೆ ಬಿಳಿ ಕಾಣದಾಗುತ್ತದೆ. ಅಲ್ಲಿ ಅಪ್ಪ ಅಂಟಿಸಿದ ಚುಕ್ಕೆಗೂ ಮಗು ಅಂಟಿಸಿದ ಚುಕ್ಕೆಗೂ ವ್ಯತ್ಯಾಸವಿಲ್ಲ. ತಿದ್ದುವುದಕ್ಕೆ ಜಾಗವೇ ಇಲ್ಲ. ಪಾಲಕರನ್ನು ಹೊರಗೆ ನಿಲ್ಲಿಸುವುದು ಒಂದು ದಾರಿ, ಅವರ ಕೈಗೂ ಕೆಲಸ ಕೊಡುವುದು ಇನ್ನೊಂದು ದಾರಿ. ಎರಡರ ಉದ್ದೇಶವೂ ಮಗುವಿನ ಹಾಳೆಯನ್ನು ಉಳಿಸುವುದೇ.

ನಮ್ಮ ಕಡೆಯೂ ಇದನ್ನು ಯೋಚಿಸಿದವರಿದ್ದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ಮಾಡಿದರು. ಗಾಂಧೀಜಿಯ ಸೇವಾಗ್ರಾಮದಲ್ಲಿ ದೇವಿಪ್ರಸಾದ್ ಮಕ್ಕಳಿಗೆ ಚಿತ್ರ ಕಲಿಸಿ, ಶಿಕ್ಷಣಕ್ಕೆ ಕಲೆಯೇ ಬುನಾದಿ ಎಂದು ಪುಸ್ತಕವನ್ನೇ ಬರೆದರು. ಇವ್ಯಾವುವೂ ಬೆಂಗಳೂರಿನ ಎಸಿ ಕೋಣೆಗಳಲ್ಲ.

ಇದನ್ನು ಮಗಳ ಮುಂದೆ ಹೇಳುವ ಮೊದಲು ನಾವು ಮಾಡಬೇಕಾದ ಕೆಲಸ ಬೇರೆ ಇತ್ತು. ಅದನ್ನು ವಾಪಸಾಗುವಾಗ ರೈಲಿನಲ್ಲೇ ಮಾಡಿದೆವು. ನಿನ್ನ ಚಿತ್ರ ನಾವು ಅಳಿಸಿದ್ದು ತಪ್ಪು ಎಂದೆವು. ಅವಳು ಕಿಟಕಿ ಬಿಟ್ಟು ನಮ್ಮ ಕಡೆ ತಿರುಗಲಿಲ್ಲ. ಬಹಳ ಹೊತ್ತಿನ ಮೇಲೆ, ‘ಸೂರ್ಯ ಇಟ್ಟಿದ್ದಕ್ಕ ಏನಿಲ್ಲ. ಅಜ್ಜಿನ್ನ ಯಾಕ ಅಳಿಸಿದ್ರಿ?’ ಎಂದು ಕೇಳಿದಳು. ಕಾಲು ಇರಲಿಲ್ಲ ಎಂದೆವು. ‘ಕೊಡದ ಹಿಂದ ಇದ್ವು’ ಎಂದಳು.

ಕಾಲು ಕೊಡದ ಹಿಂದೆ ಇದ್ದವು. ನಾವು ಹಾಳೆ ಮುಗಿದಿದೆ ಎಂದುಕೊಂಡಿದ್ದೆವು. ಕೇಳಿದ್ದರೆ ಹೇಳುತ್ತಿದ್ದಳು.

ಜೂನ್‌ನಿಂದ ನಮ್ಮ ಓಣಿಯಲ್ಲಿ ತಿಂಗಳಿಗೊಮ್ಮೆ ಅದನ್ನೇ ಮಾಡಲು ನೋಡುತ್ತಿದ್ದೇವೆ. ಗುಡಿಯ ಕಟ್ಟೆಯೇ ಜಾಗ. ಕಾಗದಕ್ಕೆ ನಮಗೆ ಬರವಿಲ್ಲ. ಹಳೆ ಪತ್ರಿಕೆಗಳ ಕಟ್ಟು ಮನೆಯಲ್ಲಿ ಬಿದ್ದಿರುತ್ತದೆ. ಲಗ್ನಪತ್ರಿಕೆಗಳ ಹಿಂಬದಿ ಖಾಲಿ ಇರುತ್ತದೆ, ಕಾಗದವೂ ಗಟ್ಟಿ. ಹೊಲಿಗೆ ಯಂತ್ರದ ಕೆಳಗೆ ಬಿದ್ದ ಬಟ್ಟೆ ಚೂರು ಚೀಲಗಟ್ಟಲೆ. ಮೈದಾ ಹಿಟ್ಟು ಕುದಿಸಿ ಅಂಟು ಮಾಡುತ್ತೇವೆ, ಚಿಟಿಕೆ ಮೈಲುತುತ್ತ ಹಾಕಿದರೆ ಹುಳ ಬರುವುದಿಲ್ಲ ಎಂದು ಯಾರೋ ಹೇಳಿದರು, ಮಕ್ಕಳ ಕೈಗೆ ವಿಷ ಬೇಡವೆಂದು ಹಾಕಿಲ್ಲ. ಅವತ್ತಿನ ಅಂಟು ಅವತ್ತೇ ಖಾಲಿ ಮಾಡುತ್ತೇವೆ. ಖರ್ಚು ಎಂದರೆ ಮೊಂಡು ತುದಿಯ ಸಣ್ಣ ಕತ್ತರಿಗಳದ್ದು ಮಾತ್ರ.

ಮಕ್ಕಳು ಮೊದಲ ದಿನವೇ ಒಂಬತ್ತು ಮಂದಿ ಬಂದರು. ಪಾಲಕರು ಬರಲಿಲ್ಲ. ‘ಹುಡುಗುರನ್ನ ಕಳಸ್ತೀವಿ, ನಾವ್ಯಾಕ್ರಿ?’ ಎಂದರು. ಅವರು ಹೇಳುವುದು ಸುಳ್ಳಲ್ಲ. ಕೂಲಿಗೆ ಹೋಗುವವರಿಗೆ ಭಾನುವಾರ ಎಂದರೆ ಬೇರೆ ದಿನವಲ್ಲ. ಬೆಂಗಳೂರಿನಲ್ಲಿ 800 ರೂಪಾಯಿ ಶುಲ್ಕ, ಇಲ್ಲಿ ಶುಲ್ಕವಿಲ್ಲ, ಆದರೆ ಎರಡು ತಾಸು ಕುಳಿತರೆ ಅರ್ಧ ದಿನದ ಕೂಲಿ ಹೋಯಿತು. ಕುಟುಂಬ ಸಮೇತ ಎಂಬ ಮಾತಿನ ಬೆಲೆ ಎಲ್ಲಾ ಕಡೆ ಒಂದೇ ಅಲ್ಲ. ಎರಡನೇ ತಿಂಗಳಿಂದ ಸಂಜೆ ಆರಕ್ಕೆ ಇಟ್ಟೆವು. ಆಗ ನಾಲ್ಕು ಮಂದಿ ತಾಯಂದಿರು, ಒಬ್ಬ ಅಜ್ಜ, ನಮ್ಮ ಮನೆಯ ಅಜ್ಜಿ ಬಂದರು. ನಮ್ಮ ಅಜ್ಜಿ ಎರಡನೇ ನಿಯಮ ಕೇಳಿ, ‘ನನ್ನ ಕೌದಿ ನೀವ್ಯಾರೂ ಮುಟ್ಟಬ್ಯಾಡ್ರಿ, ಅಷ್ಟ ಅಲ್ಲೇನು?’ ಎಂದಳು. ಇಷ್ಟು ಬೇಗ ನಮಗೆ ಅರ್ಥವಾಗಿರಲಿಲ್ಲ.

ನಮ್ಮಲ್ಲಿ ಇಲ್ಲದ್ದು ಒಂದೇ: ಕೂತು ನೋಡಲು ಕೃತಿ ಇಲ್ಲ. ಮೊದಲಿಗೆ ನೋಡದೆ ಬರೀ ಕತ್ತರಿಸಲು ಕೂತರೆ ಮಕ್ಕಳು ಮತ್ತೆ ಅದೇ ಎರಡು ಗುಡ್ಡ, ಸೂರ್ಯ ಮಾಡುತ್ತಾರೆ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿದೆ, ಮಾಣಿಕ್ಯವೇಲು ಮಹಲಿನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ, ಕಸ್ತೂರಬಾ ರಸ್ತೆಯಲ್ಲಿ 2023ರಿಂದ ಕಲೆ ಮತ್ತು ಛಾಯಾಚಿತ್ರಗಳ ವಸ್ತುಸಂಗ್ರಹಾಲಯವೂ ಇದೆ. ಎಲ್ಲ ನಮ್ಮಿಂದ ಒಂದು ರಾತ್ರಿಯ ರೈಲು ದೂರ. ನಮ್ಮ ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಜಿಲ್ಲಾಡಳಿತ ಭವನ ಬಂತು, ಕ್ರೀಡಾಂಗಣ ಬಂತು. ಮಕ್ಕಳು ನೆಲದ ಮೇಲೆ ಕುಳಿತು ಒಂದು ಚಿತ್ರವನ್ನು ಇಪ್ಪತ್ತು ನಿಮಿಷ ನೋಡುವಂಥ ಒಂದು ಕೋಣೆಗಾಗಿ ನಾವು ಯಾರೂ ಮನವಿ ಕೊಟ್ಟದ್ದಿಲ್ಲ. ಎಲ್ಲದಕ್ಕೂ ಮನವಿ ಕೊಡುವುದನ್ನು ವರದಿ ಮಾಡುವ ನಾವೂ ಇದನ್ನು ಕೇಳಿರಲಿಲ್ಲ.

ಆದರೆ ಚಿತ್ರವೇ ಇಲ್ಲದ ಜಿಲ್ಲೆ ಇದಲ್ಲ. ಹಿರೇಬೆಣಕಲ್ಲಿನ ಗುಡ್ಡದ ಬಂಡೆಗಳ ಮೇಲೆ ಇತಿಹಾಸಪೂರ್ವ ಕಾಲದ ಜನ ಬರೆದ ಚಿತ್ರಗಳಿವೆ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳಿವೆ. ಆಗಸ್ಟಿನಲ್ಲಿ ಒಂದು ಟಂಟಂ ಮಾಡಿಕೊಂಡು ಹನ್ನೊಂದು ಮಕ್ಕಳನ್ನು ಕಿನ್ನಾಳಕ್ಕೆ ಕರೆದುಕೊಂಡು ಹೋದೆವು. ಹಗುರ ಮರ ಕೆತ್ತುವುದು, ಹುಣಸೆ ಬೀಜದ ಅಂಟು ಕಾಯಿಸುವುದು, ನೆನೆಸಿದ ಗೋಣಿನಾರಿನಿಂದ ಮಾಡಿದ ಕಿಟ್ಟವನ್ನು ಬೊಂಬೆಯ ಸಂದುಗಳಿಗೆ ತುಂಬುವುದು, ಮೇಲೆ ಬಣ್ಣ. ಮಕ್ಕಳು ನೆಲದ ಮೇಲೆ ಕುಳಿತು ನೋಡಿದರು. ಅದೇ ಮೂರು ಪ್ರಶ್ನೆ ಕೇಳಿದೆವು.

ಅಲ್ಲಿ ನಮಗೊಂದು ಗೊಂದಲ ಹುಟ್ಟಿತು. ಆ ಮನೆಯಲ್ಲಿ ಒಂದು ಬೊಂಬೆಯನ್ನು ಒಬ್ಬರು ಕೆತ್ತುತ್ತಾರೆ, ಇನ್ನೊಬ್ಬರು ಉಜ್ಜುತ್ತಾರೆ, ಮತ್ತೊಬ್ಬರು ಬಣ್ಣ ಹಾಕುತ್ತಾರೆ. ಅಪ್ಪ ಮಗನ ಕೈಯಿಂದ ಬೊಂಬೆ ತೆಗೆದುಕೊಂಡು ಮೂಗು ತಿದ್ದಿ ವಾಪಸ್ ಕೊಡುತ್ತಾನೆ. ಹಾಗಾದರೆ ಅವರು ಮಾಡುವುದು ತಪ್ಪೇ? ಬೆಂಗಳೂರಿನ ನಿಯಮವನ್ನು ಇಲ್ಲಿಗೆ ತಂದು ಹೇರಲಾಗುತ್ತದೆಯೇ? ನಾವಿಬ್ಬರೂ ವಾಪಸ್ ಬರುವಾಗ ಇದನ್ನೇ ಮಾತಾಡಿದೆವು. ಅಲ್ಲಿ ಮಗ ಕೆಲಸ ಕಲಿಯುತ್ತಿದ್ದಾನೆ. ತಿದ್ದುವುದು ಅವನ ಕಣ್ಣೆದುರಿಗೇ ನಡೆಯುತ್ತದೆ. ಬೊಂಬೆ ಇಡೀ ಮನೆಯದು, ಅದರ ಮೇಲೆ ಯಾರ ಹೆಸರೂ ಇಲ್ಲ. ನಾವು ಮಾಡಿದ್ದು ರಾತ್ರಿ, ಮಗಳು ಮಲಗಿದ ಮೇಲೆ, ನಮ್ಮ ಚಿತ್ರಕ್ಕೆ ಅವಳ ಹೆಸರು ಹಾಕಿ. ಕೈ ಹಚ್ಚಿದ್ದಕ್ಕಿಂತ ಆ ಸುಳ್ಳೇ ಅವಳಿಗೆ ತಾಗಿತ್ತು ಎಂದು ಈಗ ಅನಿಸುತ್ತದೆ. ತನ್ನ ಹೆಸರಿನ ಬಹುಮಾನವನ್ನು ತಾನು ಗೆದ್ದಿಲ್ಲ ಎಂದು ಎಂಟು ವರ್ಷದ ಮಗುವಿಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು. ವೇದಿಕೆಯ ಮೇಲೆ ನಾವು ನಗು ಎಂದಾಗ ಅವಳು ನಕ್ಕಿದ್ದಳು.

ಸ್ಪರ್ಧೆ ನಡೆಸಿದವರ ಬಳಿ ಹೋಗಿ ವಿಷಯ ಹೇಳಿದೆವು, ಡಬ್ಬಿ ಮತ್ತು ಪ್ರಮಾಣಪತ್ರ ತೆಗೆದುಕೊಂಡು. ಅವರು ನಕ್ಕುಬಿಟ್ಟರು. ‘ಎಲ್ಲಾರೂ ಹಂಗ ಮಾಡ್ತಾರ ಬಿಡ್ರಿ. ನೀವೊಬ್ರು ಬಂದು ಹೇಳೀರಿ, ಅಷ್ಟ. ಡಬ್ಬಿ ಒಯ್ರಿ ಮನಿಗೆ’ ಎಂದರು. ಎರಡನೇ ಬಹುಮಾನದ ಚಿತ್ರವನ್ನು ಆ ಮಗು ತಾನೇ ಬರೆದಿತ್ತೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಡಬ್ಬಿಯಲ್ಲಿ ಈಗ ಗುಂಡಿಗಳಿವೆ.

ಪತ್ರಿಕೆಯಲ್ಲಿ ತಪ್ಪು ಸುದ್ದಿ ಹೋದರೆ ಮರುದಿನ ತಿದ್ದುಪಡಿ ಹಾಕುತ್ತಾರೆ. ನಮ್ಮ ನಾಲ್ಕು ಸಾಲಿನ ಸುದ್ದಿಗೆ ಯಾವ ಡೆಸ್ಕೂ ತಿದ್ದುಪಡಿ ಹಾಕುವುದಿಲ್ಲ, ಅದರಲ್ಲಿ ಡೆಸ್ಕಿನವರ ತಪ್ಪೂ ಇಲ್ಲ. ಅದಕ್ಕೆ ಇಲ್ಲಿ ಬರೆದಿದ್ದೇವೆ: ಆ ಚಿತ್ರದ ಗುಡ್ಡ, ಸೂರ್ಯ, ತೆಂಗಿನ ಮರ, ಧ್ವಜ ಮತ್ತು ಗಿಡ ನಮ್ಮವು. ನಳ ಅವಳದು.

ನೀವೂ ನಿಮ್ಮ ಊರಿನಲ್ಲಿ ಹೀಗೆ ಕೂರುವುದಾದರೆ ದುಬಾರಿ ಬಣ್ಣ ಬೇಡ, ಮೇಷ್ಟ್ರು ಬೇಕೆಂದೂ ಇಲ್ಲ. ದೊಡ್ಡವರಿಗೂ ಒಂದು ಹಾಳೆ ಕೊಡಿ. ನಮಗೆ ಕೆಲಸವಿದ್ದರೆ ಮಕ್ಕಳಿಗೆ ಬಿಡುವು ಸಿಗುತ್ತದೆ. ಚಂದ ಎನ್ನುವ ಮೊದಲು ಏನು ಕಂಡಿತು ಎಂದು ಹೇಳಿ. ಕಾಲು ಕಾಣದಿದ್ದರೆ ಎಲ್ಲಿವೆ ಎಂದು ಕೇಳಿ.

ಈ ವರ್ಷದ ಸ್ಪರ್ಧೆಯ ಚೀಟಿ ಮೊನ್ನೆ ಶಾಲೆಗೆ ಬಂದಿದೆ. ವಿಷಯ ‘ಸ್ವಚ್ಛ ಪರಿಸರ’. ಬರಿತೀಯೇನು ಎಂದು ಕೇಳಿದೆವು. ‘ನೋಡ್ತೀನಿ’ ಎಂದಳು. ಇದನ್ನು ಬರೆಯುವ ಹೊತ್ತಿಗೆ ಅವಳು ಅಜ್ಜಿಯ ಪಕ್ಕ ಕುಳಿತು ಲಗ್ನಪತ್ರಿಕೆಯೊಂದರ ಹಿಂಬದಿಗೆ ಏನನ್ನೋ ಅಂಟಿಸುತ್ತಿದ್ದಾಳೆ. ನಾವು ಹೊಸ್ತಿಲ ಈಚೆಗೇ ಇದ್ದೇವೆ.